ಕೊಳ್ಳುವ ಕೈ, ಆಳುವ ಕೈ

ಅಂಗಡಿಗೆ ಹೋದ ಗೃಹಿಣಿಯು ಹಣ್ಣನ್ನು ಕೈಗೆತ್ತಿಕೊಂಡು ನೋಡುತ್ತಾಳೆ. ಕೊಳೆತಿದೆಯೇ, ಹುಳಿಯೇ, ಬೆಲೆ ಹೆಚ್ಚಾಯಿತೇ, ತೂಕದಲ್ಲಿ ಮೋಸವುಂಟೇ ಎಂದು ವಿಚಾರಿಸುತ್ತಾಳೆ. ಇವೆಲ್ಲವೂ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಇವುಗಳೊಡನೆ ಕೇಳಬಹುದಾದ ಇನ್ನೊಂದು ಪ್ರಶ್ನೆಯುಂಟು. ನಾನು ತೆರುವ ಹಣವು ಕಟ್ಟಕಡೆಗೆ ಯಾರ ಕೈ ಸೇರುತ್ತದೆ? ಆ ಕೈ ಯಾರ ಕೊರಳನ್ನು ಹಿಡಿದಿದೆ?

1984ನೆಯ ಇಸವಿಯ ಜುಲೈ 19ರಂದು ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದ ಡನ್ಸ್ ಸ್ಟೋರ್ಸ್ ಎಂಬ ದೊಡ್ಡ ಮಳಿಗೆಯಲ್ಲಿ ಈ ಪ್ರಶ್ನೆಯು ಎದ್ದಿತು. ಗಿರಾಕಿಗಳಿಂದ ಹಣ ತೆಗೆದುಕೊಳ್ಳುವ ಕೆಲಸದಲ್ಲಿದ್ದ ಮೇರಿ ಮ್ಯಾನಿಂಗ್ ಎಂಬ ಇಪ್ಪತ್ತೊಂದು ವರ್ಷದ ತರುಣಿಯ ಮುಂದೆ ದಕ್ಷಿಣ ಆಫ್ರಿಕದಿಂದ ಬಂದ ಗ್ರೇಪ್‌ಫ್ರೂಟ್ ಹಣ್ಣು ಬಂದಿತು. ಆ ದೇಶದ ಸರಕನ್ನು ಮಾರಕೂಡದೆಂದು ಆಕೆಯ ಕಾರ್ಮಿಕ ಸಂಘವು ನಿರ್ಣಯ ಮಾಡಿದ್ದಿತು. ಮೇರಿಯು ಹಣ್ಣಿನ ಹಣವನ್ನು ತೆಗೆದುಕೊಳ್ಳಲಾರೆನೆಂದಳು. ಮಳಿಗೆಯವರು ಆಕೆಯನ್ನು ಕೆಲಸದಿಂದ ಅಮಾನತಿನಲ್ಲಿಟ್ಟರು. ಹತ್ತು ಮಂದಿಯಷ್ಟು ಜೊತೆಗಾರರು ಆಕೆಯ ಬೆನ್ನಿಗೆ ಹೊರಬಂದು ಬಾಗಿಲ ಮುಂದೆ ನಿಂತರು. ಅವರಲ್ಲಿ ಬಹುಮಂದಿ ಹೆಣ್ಣುಮಕ್ಕಳೇ. ದಕ್ಷಿಣ ಆಫ್ರಿಕದ ಸ್ಥಿತಿಗತಿ ಅವರಿಗೆ ಆಗ ಅಷ್ಟಾಗಿ ತಿಳಿದಿರಲಿಲ್ಲ. ಒಂದೆರಡು ವಾರದಲ್ಲಿ ಮುಗಿಯುವ ಮಾತೆಂದು ಎಣಿಸಿ ನಿಂತವರು ಎರಡೂವರೆ ವರ್ಷಕ್ಕೂ ಮಿಕ್ಕು ಅಲ್ಲಿಯೇ ನಿಲ್ಲಬೇಕಾಯಿತು.

ಐರ್ಲೆಂಡಿನ ಬೀದಿಗೂ ಆಫ್ರಿಕದ ತೋಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅದನ್ನು ತಿಳಿಯಬೇಕಾದರೆ ಆ ತೋಟದ ನಾಡನ್ನು ಸ್ವಲ್ಪ ನೋಡಬೇಕು.

ದಕ್ಷಿಣ ಆಫ್ರಿಕದಲ್ಲಿ ಬಿಳಿಯರು ಕೆಲವರು, ಕರಿಯರು ಬಹುಮಂದಿ. ಆದರೆ ರಾಷ್ಟ್ರದ ಆಡಳಿತವನ್ನು ನಿರ್ಣಯಿಸುವ ಮತವು ಬಹುಮಂದಿಗೆ ಇರಲಿಲ್ಲ. ನಾಡಿನ ನೆಲದಲ್ಲಿ ನೂರಕ್ಕೆ ಸುಮಾರು 13 ಭಾಗವನ್ನು ಮಾತ್ರ ಅವರಿಗೆಂದು ಮೀಸಲಾಗಿಟ್ಟಿದ್ದರು. 1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಕ್ಷವು ಈ ಭೇದವನ್ನೇ ರಾಜನೀತಿಯನ್ನಾಗಿ ಮಾಡಿ ಅದಕ್ಕೆ ಅಪಾರ್ಥೈಡ್ ಎಂದು ಹೆಸರಿಟ್ಟಿತು. ಈ ಯಂತ್ರದ ಕೀಲು ಒಂದು ಸಣ್ಣ ಪುಸ್ತಕ. ಹದಿನಾರು ವರ್ಷ ದಾಟಿದ ಪ್ರತಿಯೊಬ್ಬ ಕರಿಯನೂ ತನ್ನ ಭಾವಚಿತ್ರವಂಟಿಸಿದ ಆ ರಹದಾರಿಯನ್ನು ಹಗಲಿರುಳು ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಯಾವ ಊರಲ್ಲಿ ಇರಬಹುದು, ಯಾರ ಬಳಿ ದುಡಿಯಬಹುದು ಎಂಬುದೆಲ್ಲವೂ ಅದರಲ್ಲಿಯೇ ಬರೆದಿರುತ್ತಿತ್ತು. ಕೇಳಿದೊಡನೆ ತೋರಿಸದಿದ್ದರೆ ಸೆರೆಮನೆ. ಹೀಗೆ ಸೆರೆಸಿಕ್ಕವರು ವರ್ಷವರ್ಷವೂ ಲಕ್ಷಗಟ್ಟಳೆ. ದುಡಿಯಲು ಪಟ್ಟಣಕ್ಕೆ ಹೋದ ಗಂಡನೊಡನೆ ಸಂಸಾರ ಹೂಡಲು ಹೆಂಡತಿಗೂ ಅಪ್ಪಣೆ ಬೇಕಾಗುತ್ತಿತ್ತೆಂದ ಮೇಲೆ ಆ ನಾಡಿನ ಮನೆಗಳ ಪಾಡನ್ನು ಊಹಿಸಿಕೊಳ್ಳಬಹುದು. ಹೆಂಗಸರಿಗೂ ಈ ಪುಸ್ತಕವನ್ನು ಹೇರಿದಾಗ, 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯದ ಸರ್ಕಾರಿ ಭವನಕ್ಕೆ ನಡೆದುಹೋದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ ಎಂಬಲ್ಲಿ ರಹದಾರಿಯನ್ನು ವಿರೋಧಿಸಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು.

ಈ ರಹದಾರಿಯ ಸುದ್ದಿ ಭಾರತೀಯರಿಗೆ ಹೊಸದಲ್ಲ. ಅಲ್ಲಿನ ಟ್ರಾನ್ಸ್‌ವಾಲ್ ಪ್ರಾಂತದಲ್ಲಿ ನಮ್ಮವರ ಮೇಲೆ ಇಂಥದೇ ನೋಂದಣಿ ಪತ್ರವನ್ನು ಹೊರಿಸಿದಾಗ, 1908ರ ಆಗಸ್ಟ್ 16ರಂದು ಗಾಂಧಿಯವರ ನೇತೃತ್ವದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಜೊಹಾನ್ಸ್‌ಬರ್ಗಿನ ಮಸೀದಿಯೊಂದರ ಆವರಣದಲ್ಲಿ ಸುಟ್ಟಿದ್ದರು. 1946ರಲ್ಲಿ ಅಲ್ಲಿಯ ಸರ್ಕಾರವು ಭಾರತೀಯರ ನೆಲದ ಹಕ್ಕನ್ನು ಮೊಟಕು ಮಾಡಿದಾಗ ಭಾರತವು ಆ ದೇಶದೊಡನೆ ವ್ಯಾಪಾರವನ್ನೇ ನಿಲ್ಲಿಸಿತು. ಹಾಗೆ ಮಾಡಿದ ದೇಶಗಳಲ್ಲಿ ನಮ್ಮದೇ ಮೊದಲನೆಯದು. ಆಗಿನ್ನೂ ನಮಗೆ ಸ್ವಾತಂತ್ರ್ಯವೇ ಬಂದಿರಲಿಲ್ಲ.

ಆದರೆ ಸಿರಿವಂತ ದೇಶಗಳ ಕೊಡುಕೊಳ್ಳುವಿಕೆ ನಿಲ್ಲಲಿಲ್ಲ. ಚಿನ್ನ, ವಜ್ರ, ಹಣ್ಣು ಅಲ್ಲಿಂದ ಹೊರಟವು; ಬಂಡವಾಳ, ಯಂತ್ರ, ಸಾಲ ಅಲ್ಲಿಗೆ ಹೋದವು. 1959ರಲ್ಲಿ ಆಫ್ರಿಕದ ಜನನಾಯಕರಾದ ಆಲ್ಬರ್ಟ್ ಲುಥುಲಿಯವರು ಮತ್ತಿಬ್ಬರೊಡನೆ ಸೇರಿ, ನಮ್ಮ ದೇಶದ ಸರಕನ್ನು ಕೊಳ್ಳಬೇಡಿರೆಂದು ಹೊರನಾಡಿನವರನ್ನು ಬೇಡಿಕೊಂಡರು. ಅದರಿಂದ ತಮ್ಮವರಿಗೂ ಕಷ್ಟವಾದೀತೆಂಬುದನ್ನು ಅವರು ಮುಚ್ಚಿಡಲಿಲ್ಲ. ಆ ಕಷ್ಟವು ರಕ್ತಪಾತದ ಕಾಲವನ್ನು ಮೊಟಕುಗೊಳಿಸುವುದಾದರೆ ಅದನ್ನು ಸಂತೋಷದಿಂದ ತೆರುವೆವು ಎಂದರು. ಅದೇ ವರ್ಷ ಲಂಡನ್ನಿನಲ್ಲಿ ಬಹಿಷ್ಕಾರ ಚಳವಳಿಯು ಹುಟ್ಟಿತು.

ಹೊರಗಿನ ವ್ಯಾಪಾರವು ದಬ್ಬಾಳಿಕೆಗೆ ಹೇಗೆ ಊರುಗೋಲಾಗುತ್ತದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವನ್ನು ನೋಡೋಣ. ಪೋಲರಾಯ್ಡ್ ಕಂಪನಿಯು ಚಿತ್ರ ತೆಗೆದ ಕ್ಷಣಮಾತ್ರದಲ್ಲಿ ಕೈಗೆ ಕೊಡುವ ಕ್ಯಾಮೆರಾಗಳಿಗೆ ಪ್ರಸಿದ್ಧವಾಗಿತ್ತು. ಹಬ್ಬ, ಮದುವೆ, ಕೂಸಿನ ನಗು ಇವುಗಳಿಗಾಗಿ ಮನೆಮನೆಯವರು ಕೊಳ್ಳುತ್ತಿದ್ದ ವಸ್ತು ಅದು. 1970ರಲ್ಲಿ ಆ ಕಂಪನಿಯಲ್ಲಿ ರಸಾಯನ ಶಾಸ್ತ್ರಜ್ಞೆಯಾಗಿದ್ದ ಕ್ಯಾರೊಲಿನ್ ಹಂಟರ್ ಎಂಬಾಕೆಯೂ ಛಾಯಾಚಿತ್ರಗಾರ ಕೆನ್ ವಿಲಿಯಮ್ಸ್ ಎಂಬಾತನೂ ಕಚೇರಿಯ ಫಲಕವೊಂದರಲ್ಲಿ ಗುರುತಿನ ಚೀಟಿಯ ಮಾದರಿಯೊಂದನ್ನು ಕಂಡರು. ಅದರ ಮೇಲೆ ದಕ್ಷಿಣ ಆಫ್ರಿಕದ ಗಣಿ ಇಲಾಖೆಯ ಹೆಸರಿದ್ದಿತು. ತಾವು ತಯಾರಿಸುವ ಸಾಮಗ್ರಿಯು ಆ ದೇಶದಲ್ಲಿ ರಹದಾರಿಯ ಭಾವಚಿತ್ರಗಳಿಗೆ ಬಳಕೆಯಾಗುತ್ತಿದೆಯೆಂದು ಅವರು ತಿಳಿದುಕೊಂಡರು. ಇಲ್ಲಿ ಮಗುವಿನ ನಗುವನ್ನು ಹಿಡಿಯುವ ಯಂತ್ರವೇ ಅಲ್ಲಿ ಮನುಷ್ಯನನ್ನು ಹಿಡಿಯುತ್ತಿದ್ದಿತು. ಅವರಿಬ್ಬರೂ ಕೈಬರಹ ಹಂಚಿದರು, ಸಂಘ ಕಟ್ಟಿದರು, ಜನರನ್ನು ಬಹಿಷ್ಕಾರಕ್ಕೆ ಕರೆದರು, 1971ರಲ್ಲಿ ವಿಶ್ವಸಂಸ್ಥೆಯ ಮುಂದೆ ಸಾಕ್ಷಿ ನುಡಿದರು. ಹಂಟರ್ ಕೆಲಸದಿಂದ ವಜಾ ಆದಳು. ವಿಲಿಯಮ್ಸ್ ತಾನಾಗಿಯೇ ಬಿಟ್ಟನು.

ಕಂಪನಿಯು ಮೌನವಾಗಿರಲಿಲ್ಲ. ತನ್ನ ನೌಕರರನ್ನೇ ಕಳುಹಿಸಿ ಪರಿಸ್ಥಿತಿಯನ್ನು ನೋಡಿಸಿತು. ಬಳಿಕ 1971ರ ಜನವರಿಯಲ್ಲಿ ಒಂದು ಪ್ರಯೋಗವನ್ನು ಸಾರಿತು: ಸರ್ಕಾರಕ್ಕೆ ಮಾರುವುದಿಲ್ಲ, ಆದರೆ ದೇಶವನ್ನು ಬಿಡುವುದಿಲ್ಲ, ಅಲ್ಲಿಯೇ ಇದ್ದು ಕರಿಯ ಕೆಲಸಗಾರರ ಸಂಬಳವನ್ನು ಏರಿಸುವಂತೆ ಮಾಡುತ್ತೇವೆ, ವಿದ್ಯಾಭ್ಯಾಸಕ್ಕೆ ಧನ ಕೊಡುತ್ತೇವೆ ಎಂದಿತು. ಇದು ತಳ್ಳಿಹಾಕತಕ್ಕ ವಾದವಲ್ಲ. ಬಾಗಿಲು ಮುಚ್ಚಿ ಹೊರಟುಹೋದವನ ಮಾತನ್ನು ಒಳಗಿನವರು ಕೇಳುವುದಿಲ್ಲ ಎಂಬುದು ಲೋಕಾನುಭವವೇ. ಅಪಾರ್ಥೈಡನ್ನು ಪಾರ್ಲಿಮೆಂಟಿನಲ್ಲಿ ನಿರಂತರವಾಗಿ ಖಂಡಿಸುತ್ತಿದ್ದ ಹೆಲೆನ್ ಸುಜ್ಮನ್ ಎಂಬ ಧೀರ ಮಹಿಳೆಯೂ ಆರ್ಥಿಕ ನಿರ್ಬಂಧಗಳನ್ನು ಒಪ್ಪಲಿಲ್ಲ. ಬಡವನ ಕೂಲಿಗೆ ಕಲ್ಲು ಬೀಳುವುದೆಂದು ಆಕೆಯ ಅಂಜಿಕೆ. 1980ರ ದಶಕದಲ್ಲಿ ಅಮೆರಿಕದ ಸರ್ಕಾರವು ಇಂಥದೇ ನೀತಿಗೆ ರಚನಾತ್ಮಕ ಸಂಪರ್ಕವೆಂಬ ಸೊಗಸಾದ ಹೆಸರನ್ನಿಟ್ಟಿತು.

ಪ್ರಯೋಗದ ಫಲವೇನಾಯಿತು? ಕೆಲವರ ಸಂಬಳ ಏರಿದ್ದು ನಿಜ. ಕೆಲವು ಮಕ್ಕಳು ಓದಿದ್ದೂ ನಿಜ. ಆದರೆ ಕಂಪನಿಯ ಅಲ್ಲಿಯ ವಿತರಕರು ಮಾತು ತಪ್ಪಿ ಸರ್ಕಾರಕ್ಕೆ ಗುಟ್ಟಾಗಿ ಸರಕು ಒದಗಿಸುತ್ತಿದ್ದರೆಂಬುದು 1977ರಲ್ಲಿ ಬಯಲಾಯಿತು. ವಿತರಕರಲ್ಲಿ ಕೆಲಸಕ್ಕಿದ್ದವನೊಬ್ಬನು ಲೆಕ್ಕದ ಕಾಗದಗಳನ್ನು ಹೊರಗೆ ತಂದಿದ್ದನು. ಆ ವರ್ಷದ ನವೆಂಬರಿನಲ್ಲಿ ಪೋಲರಾಯ್ಡ್ ದಕ್ಷಿಣ ಆಫ್ರಿಕದ ವ್ಯಾಪಾರವನ್ನೇ ಬಿಟ್ಟಿತು. ಏಳು ವರ್ಷಗಳ ಹಿಂದೆ ಇಬ್ಬರು ನೌಕರರು ಕೆಲಸವನ್ನು ಪಣಕ್ಕಿಟ್ಟು ಕೇಳಿದ್ದೂ ಇದನ್ನೇ.

ಮತ್ತೆ ಡಬ್ಲಿನ್ನಿಗೆ ಬರೋಣ. ಮಳಿಗೆಯ ಮುಂದೆ ನಿಂತವರ ಸಾಲಿಗೆ ದಕ್ಷಿಣ ಆಫ್ರಿಕದಿಂದ ದೇಶಭ್ರಷ್ಟನಾಗಿ ಬಂದಿದ್ದ ಕಾರ್ಮಿಕ ಮುಖಂಡ ನಿಮ್ರಾಡ್ ಸೆಜಾಕೆ ಬಂದು ಸೇರಿದನು. ತನ್ನ ನಾಡಿನ ಬಾಳನ್ನು ಆತನು ಬಣ್ಣಿಸಿ ಹೇಳಿದಂತೆಲ್ಲ ಆ ಹುಡುಗಿಯರಿಗೆ ತಾವು ಆಡಿದ ಒಂದು ಮಾತಿನ ತೂಕವೆಷ್ಟೆಂಬುದು ತಿಳಿಯುತ್ತ ಬಂದಿತು. ಮುಷ್ಕರದ ಭತ್ಯದಲ್ಲಿ ಬಾಡಿಗೆ ತೆರುವುದೇ ಕಷ್ಟವಾಯಿತು, ದಾರಿಹೋಕರು ಬಯ್ದರು, ಮಳೆ ಚಳಿಗಳಿಗಂತೂ ಕೊರತೆಯಿರಲಿಲ್ಲ. 1985ರಲ್ಲಿ, ಹಿಂದಿನ ವರ್ಷ ನೊಬೆಲ್ ಶಾಂತಿ ಪಾರಿತೋಷಕ ಪಡೆದಿದ್ದ ಬಿಷಪ್ ಡೆಸ್ಮಂಡ್ ಟುಟು ಅವರ ಆಹ್ವಾನದ ಮೇರೆಗೆ ಅವರು ದಕ್ಷಿಣ ಆಫ್ರಿಕಕ್ಕೆ ಹೊರಟರು. ಜೊಹಾನ್ಸ್‌ಬರ್ಗಿನ ವಿಮಾನ ನಿಲ್ದಾಣದಲ್ಲಿಯೇ ಅವರನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಹಣ್ಣು ಮಾರುವ ಹುಡುಗಿಯರಿಗೆ ಒಂದು ಸಾಯುಧ ಸರ್ಕಾರವು ಅಂಜಿತೆಂದರೆ ಅವರ ಕೆಲಸವು ಸಣ್ಣದಲ್ಲವೆಂಬುದಕ್ಕೆ ಬೇರೆ ಸಾಕ್ಷಿಯೇಕೆ? ಕಡೆಗೆ 1987ರಲ್ಲಿ ಐರ್ಲೆಂಡಿನ ಸರ್ಕಾರವು ದಕ್ಷಿಣ ಆಫ್ರಿಕದ ಹಣ್ಣು ತರಕಾರಿಗಳ ಆಮದನ್ನು ನಿಷೇಧಿಸಿತು.

ಅಷ್ಟರಲ್ಲಿ ಇತರ ಕಡೆಗಳಲ್ಲಿಯೂ ಗಾಳಿ ತಿರುಗಿದ್ದಿತು. 1985ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಸಾಲದ ಗಡುವನ್ನು ಮುಂದೂಡಲೊಲ್ಲದೆ ಹೋಯಿತು. ಇತರರು ಅದನ್ನು ಅನುಸರಿಸಿದರು. 1986ರಲ್ಲಿ ಅಧ್ಯಕ್ಷ ರೇಗನ್ನರ ನಿರಾಕರಣೆಯನ್ನೂ ಮೀರಿ ಅಮೆರಿಕದ ಶಾಸನಸಭೆಯು ನಿರ್ಬಂಧದ ಕಾನೂನನ್ನು ಮಾಡಿತು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ರಹದಾರಿಯ ಕಾನೂನುಗಳು ರದ್ದಾದವು. 1990ರ ಫೆಬ್ರವರಿ 11ರಂದು ನೆಲ್ಸನ್ ಮಂಡೇಲರು ಬಿಡುಗಡೆ ಹೊಂದಿದರು. ಆ ವರ್ಷವೇ ಡಬ್ಲಿನ್ನಿಗೆ ಬಂದಾಗ ಅವರು ಈ ಮುಷ್ಕರಗಾರರನ್ನು ಕಂಡರು. 1994ರ ಏಪ್ರಿಲಿನಲ್ಲಿ ಎಲ್ಲ ವರ್ಣದವರೂ ಸಾಲುಗಟ್ಟಿ ನಿಂತು ಮತ ಕೊಟ್ಟರು.

ಇದೆಲ್ಲವೂ ಬಹಿಷ್ಕಾರದಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. ಮುಖ್ಯವಾದ ಹೋರಾಟವನ್ನು ನಡೆಸಿದವರು ಆ ನಾಡಿನ ಜನರೇ. ರಕ್ತ ಸುರಿಸಿದವರೂ ಅವರೇ. ಹೊರಗಿನವರು ಮಾಡಿದ್ದು ಇಷ್ಟೆ: ಪೀಡಕನ ಕೈಗೆ ಬಲ ಕೊಡುತ್ತಿದ್ದ ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಪ್ರತಿಯೊಂದು ದೇಶಕ್ಕೂ ಈ ಒಂದೇ ಔಷಧವು ಹೊಂದುತ್ತದೆಂದೂ ಹೇಳಲಾಗದು. ಇಲ್ಲಿ ಔಷಧವನ್ನು ಬೇಡಿದವರು ಸ್ವತಃ ನೊಂದವರೇ ಎಂಬುದನ್ನು ಮರೆಯಬಾರದು. ಸಂಪರ್ಕ ಬೇಕೋ ಬಹಿಷ್ಕಾರ ಬೇಕೋ ಎಂಬ ಚರ್ಚೆಯಲ್ಲಿ ವರ್ತಕನ ಮಾತಿಗಿಂತಲೂ ಮಂತ್ರಿಯ ಮಾತಿಗಿಂತಲೂ ಮೊದಲು ಕೇಳಬೇಕಾದದ್ದು ಆ ನೊಂದವರ ಮಾತು.

ಇಂಗ್ಲಿಷಿನಲ್ಲಿ ಬಹಿಷ್ಕಾರಕ್ಕೆ ಬಾಯ್ಕಾಟ್ ಎಂಬ ಮಾತು ಹುಟ್ಟಿದ್ದೂ ಐರ್ಲೆಂಡಿನಲ್ಲಿಯೇ. 1880ರಲ್ಲಿ ಬಾಯ್ಕಾಟ್ ಎಂಬ ಜಮೀನ್ದಾರಿ ಅಧಿಕಾರಿಯೊಡನೆ ಊರಿನ ರೈತರು ಕೊಡುಕೊಳ್ಳುವುದನ್ನೇ ನಿಲ್ಲಿಸಿದರು. ನಮ್ಮಲ್ಲಿ ವಿದೇಶಿ ಬಟ್ಟೆಯನ್ನು ಬೀದಿಯಲ್ಲಿ ಸುಟ್ಟ ಹಿರಿಯರ ನೆನಪು ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ಆ ಬೆಂಕಿ ನಂದಿ ಬಹುಕಾಲವಾಯಿತು. ಆದರೂ ಮನೆಯ ಯಜಮಾನನ ಕೈಯಲ್ಲಿ ಹಣದ ಚೀಲವೂ ಗೃಹಿಣಿಯ ಕೈಯಲ್ಲಿ ಸಂತೆಯ ಬುಟ್ಟಿಯೂ ಇರುವವರೆಗೆ, ಈ ಹಣ ಯಾರ ಕೈ ಸೇರುತ್ತದೆಂದು ಕೇಳುವ ಬಾಧ್ಯತೆಯು ಅವರಿಗೆ ತಪ್ಪಿದ್ದಲ್ಲ.