ಅಂಗವಿಕಲನೂ ಕಚೇರಿಯ ಮೆಟ್ಟಲೂ

ಅಮೆರಿಕದ ಟೆನೆಸ್ಸೀ ಸಂಸ್ಥಾನದಲ್ಲಿ ಪೋಲ್ಕ್ ಕೌಂಟಿಯೆಂಬುದೊಂದು ಸಣ್ಣ ಪ್ರಾಂತ. ಅಲ್ಲಿಯ ನ್ಯಾಯಾಲಯವು ಮಹಡಿಯ ಮೇಲಿತ್ತು, ಲಿಫ್ಟಿನ ಅನುಕೂಲವಿರಲಿಲ್ಲ. ಕಾಲುಗಳ ಸ್ವಾಧೀನ ತಪ್ಪಿ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಜಾರ್ಜ್ ಲೇನ್ ಎಂಬವನು ಮೊಕದ್ದಮೆಯೊಂದರಲ್ಲಿ ಅಲ್ಲಿಗೆ ಹಾಜರಾಗಬೇಕಾಯಿತು. ಮೊದಲನೆಯ ಸಲ ಅವನು ತೆವಳುತ್ತ ಮೆಟ್ಟಲುಗಳನ್ನು ಏರಿದನು. ಎರಡನೆಯ ಸಲ ಬಂದಾಗ, ತಾನು ತೆವಳುವುದೂ ಇಲ್ಲ, ಅಧಿಕಾರಿಗಳಿಂದ ಹೊರಿಸಿಕೊಳ್ಳುವುದೂ ಇಲ್ಲವೆಂದು ನಿರಾಕರಿಸಿದನು. ಗೈರುಹಾಜರಿಯ ಆಪಾದನೆಯ ಮೇಲೆ ಅವನನ್ನು ಬಂಧಿಸಿ ಸೆರೆಮನೆಗೆ ಹಾಕಿದರು. ನ್ಯಾಯಾಲಯದ ಬಾಗಿಲಿಗೆ ಬಂದವನೇ ಗೈರುಹಾಜರನಾದನು!

೧೯೯೮ರಲ್ಲಿ ಲೇನನೂ, ನ್ಯಾಯಾಲಯಗಳ ಕಲಾಪವನ್ನು ಬರೆದುಕೊಳ್ಳುವ ಉದ್ಯೋಗದಲ್ಲಿದ್ದು ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಬೆವರ್ಲಿ ಜೋನ್ಸ್ ಎಂಬ ಮಹಿಳೆಯೂ ಸಂಸ್ಥಾನದ ಮೇಲೆ ದಾವೆ ಹೂಡಿದರು. ಸಂಸ್ಥಾನದ ಮೇಲೆ ಪ್ರಜೆಯು ನಷ್ಟಪರಿಹಾರದ ದಾವೆ ತರುವಂತಿಲ್ಲವೆಂಬುದು ಎದುರು ಪಕ್ಷದ ವಾದವಾಗಿತ್ತು. ೨೦೦೪ನೆಯ ಮೇ ೧೭ರಂದು ಆ ದೇಶದ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯಲ್ಲಿ ಐವರು ಆ ವಾದವನ್ನು ತಳ್ಳಿಹಾಕಿದರು. ನ್ಯಾಯಾಲಯದ ಬಾಗಿಲು ಮುಚ್ಚಿದಂತಿದ್ದರೆ ದಾವೆ ಹೂಡಲು ಅಂಗವಿಕಲನಿಗೆ ಅಧಿಕಾರವುಂಟೆಂದು ತೀರ್ಮಾನವಾಯಿತು.

ಲೇನನನ್ನು ಹೊತ್ತುಕೊಂಡು ಹೋಗಲು ಜನರು ಸಿದ್ಧರಿದ್ದರಲ್ಲ, ಅವನು ಒಪ್ಪಬಾರದಿತ್ತೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಹೊತ್ತವರ ದಯೆ ದೊಡ್ಡದೇ. ಆದರೆ ಪ್ರತಿಸಲವೂ ಯಾರದೋ ಹೆಗಲಿಗೆ ಕಾದಿರಬೇಕಾದವನು ಕಚೇರಿಯ ಒಳಗೆ ಹೋಗಿ ಗಟ್ಟಿಯಾಗಿ ಮಾತನಾಡುವುದು ಹೇಗೆ? ಹೊತ್ತವನ ವಿರುದ್ಧವೇ ದೂರು ಕೊಡಬೇಕಾಗಿ ಬಂದರೆ ಮಾಡುವುದೇನು?

ನಮ್ಮ ದೇಶದ ಮಾತಿಗೆ ಬರೋಣ. ಅಂಗವಿಕಲರ ಕುರಿತು ೧೯೯೫ರಲ್ಲಿ ಆದ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗಣಿಸಿತ್ತು. ೨೦೧೬ರ ಕಾಯಿದೆಯು ೨೧ ಬಗೆಗಳನ್ನು ಗಣಿಸುತ್ತದೆ. ಅದು ಜಾರಿಗೆ ಬಂದುದು ೨೦೧೭ರ ಏಪ್ರಿಲ್ ೧೯ರಂದು. (ಈ ನಡುವೆ ಹೆಸರು ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂದು ಬದಲಾಗುತ್ತ ಬಂದಿದೆ; ಮೆಟ್ಟಲು ಮಾತ್ರ ಇದ್ದಲ್ಲೇ ಇದೆ.) ಈಗಿರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ, ಎಲ್ಲರೂ ಪ್ರವೇಶಿಸುವಂತೆ ಮಾಡತಕ್ಕದ್ದೆಂದು ಈ ಕಾಯಿದೆ ವಿಧಿಸಿತು. ನಿಯಮಗಳು ೨೦೧೭ರಲ್ಲಿ ಪ್ರಕಟವಾದವು. ಗಡುವು ೨೦೨೨ಕ್ಕೇ ಮುಗಿಯಿತು. ದೃಷ್ಟಿಹೀನರಾದ ರಾಜೀವ್ ರಾತೂರಿಯವರು ೨೦೦೫ರಲ್ಲಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ೨೦೨೪ರ ನವಂಬರದಲ್ಲಿ, ಈ ನಿಯಮಗಳು ಬರಿಯ ಸಲಹೆಯಂತಿರಕೂಡದು, ಕಡ್ಡಾಯವಾಗಿರಬೇಕು ಎಂದು ಹೇಳಿತು. ಒಬ್ಬ ಮನುಷ್ಯನು ಇಷ್ಟನ್ನು ಹೇಳಿಸಲು ಹತ್ತೊಂಬತ್ತು ವರ್ಷ ಹಿಡಿಯಿತು.

ಕಾಸರಗೋಡಿನ ಕಡೆಯವರಿಗೆ ಇದಕ್ಕಿಂತ ಸಮೀಪದ ಉದಾಹರಣೆಯೇ ಇದೆ. ಗೇರು ತೋಟಗಳ ಮೇಲೆ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸಿದ ಊರುಗಳಲ್ಲಿ ಹುಟ್ಟಿದ ಅದೆಷ್ಟು ಮಕ್ಕಳು ಹಾಸಿಗೆಯಿಂದ ಏಳಲಾರದೆ ಬೆಳೆದರೆಂಬುದು ಆ ಭಾಗದ ವಾಚಕರಿಗೆ ಹೇಳಬೇಕಾದ ಸಂಗತಿಯಲ್ಲ. ೨೦೧೭ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದೈದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಐದು ವರ್ಷಗಳ ಬಳಿಕ, ೨೦೨೨ರ ಮೇ ತಿಂಗಳಲ್ಲಿ, ನ್ಯಾಯಾಲಯದ ಮುಂದೆ ಬಂದ ಲೆಕ್ಕವಿದು: ೩,೭೦೪ ಮಂದಿಯಲ್ಲಿ ಹಣ ದೊರೆತುದು ಎಂಟು ಮಂದಿಗೆ. ಆಜ್ಞೆಯ ಉಲ್ಲಂಘನೆಯಾಯಿತೆಂದು ಮತ್ತೊಮ್ಮೆ ಕೋರ್ಟಿನ ಕದ ತಟ್ಟಿದವರೇ ಆ ಎಂಟು ಮಂದಿ.

ಇನ್ನು ಲಂಚದ ವಿಷಯ. ಅದು ಎಲ್ಲಿ ಬೇರೂರುತ್ತದೆಂಬುದನ್ನು ತಿಳಿಯಬೇಕಾದರೆ, ಕಾಯಿದೆಯು ಎಲ್ಲಿ ಗೆರೆ ಎಳೆದಿದೆಯೆಂದು ನೋಡಿದರೆ ಸಾಕು. ಸರಕಾರಿ ಉದ್ಯೋಗದಲ್ಲಿ ನೂರಕ್ಕೆ ನಾಲ್ಕರ ಮೀಸಲು, ಬಡತನ ನಿವಾರಣೆಯ ಯೋಜನೆಗಳಲ್ಲಿ ನೂರಕ್ಕೆ ಐದರ ಪಾಲು ಮುಂತಾದವು, ವೈಕಲ್ಯವು ನೂರಕ್ಕೆ ೪೦ಕ್ಕೆ ಕಡಮೆಯಿಲ್ಲವೆಂದು ಪ್ರಮಾಣಪತ್ರ ಪಡೆದವರಿಗೆ ಮಾತ್ರ. ೩೮ ಎಂದು ಬರೆದರೆ ಏನೂ ಇಲ್ಲ. ೪೨ ಎಂದು ಬರೆದರೆ ಎಲ್ಲವೂ ಉಂಟು. ಆ ನಾಲ್ಕು ಅಂಕಗಳ ನಡುವೆ ದಲ್ಲಾಳಿಯು ಕುಳಿತಿರುತ್ತಾನೆ. ನಿಜವಾಗಿ ಕುಂಟುವವನು ಹಣವಿಲ್ಲದೆ ಹಿಂದಿರುಗುವುದೂ, ಗಟ್ಟಿಮುಟ್ಟಾದವನು ಹಣ ತೆತ್ತು ಪತ್ರ ಪಡೆಯುವುದೂ ಒಂದೇ ರೋಗದ ಎರಡು ಲಕ್ಷಣಗಳು. ಎರಡನೆಯದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಉಂಟು. ವೈದ್ಯರ ನಿರ್ಣಯ ಒಪ್ಪಿಗೆಯಾಗದವನು ಮೇಲ್ಮನವಿ ಮಾಡಬಹುದು. ಲಂಚ ಕೊಡುವುದೂ ೨೦೧೮ರ ತಿದ್ದುಪಡಿಯ ಮೇರೆಗೆ ಅಪರಾಧವೇ ಆಗಿದೆ. ಆದರೆ ಬಲವಂತಕ್ಕೆ ಒಳಗಾಗಿ ಕೊಟ್ಟವನು ಏಳು ದಿನಗಳೊಳಗೆ ಪೋಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನಿಗೆ ಶಿಕ್ಷೆಯಿಲ್ಲ. ಏಳು ದಿನಗಳೆಂಬುದನ್ನು ಮರೆಯಬಾರದು.

ಗಡಿನಾಡಿನ ನಮಗೆ ಇನ್ನೊಂದು ಸಂಗತಿ ಉಪಯುಕ್ತ. ಈ ಪ್ರಮಾಣಪತ್ರವು ದೇಶದಾದ್ಯಂತ ಸಲ್ಲುತ್ತದೆ. ಸೊಲ್ಲಾಪುರದಲ್ಲಿ ಪಡೆದ ಪತ್ರವನ್ನು ವಿಜಾಪುರದ ಕಚೇರಿಯಲ್ಲಿ, 'ಇದು ಹೊರ ರಾಜ್ಯದ್ದು' ಎಂದು ಹಿಂದಿರುಗಿಸಲು ಕಾರಣವಿಲ್ಲ.

ಪಂಚಾಯತಿಯ ಬಾಗಿಲಲ್ಲಿ ಕಟ್ಟುವ ಇಳಿಜಾರಿನ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇರಬೇಕೆಂಬುದು ಎಂಜಿನಿಯರರು ಒಪ್ಪಿದ ಅಳತೆ. ಎರಡಡಿಯ ಜಗಲಿಗೆ ಇಪ್ಪತ್ತನಾಲ್ಕು ಅಡಿ ಬೇಕು. ಆದರೆ ಹಲವೆಡೆ ಕಾಣುವುದೇನು? ಆರೆಂಟು ಅಡಿಯ ಕಡಿದಾದ ಇಳಿಜಾರು. ಗಾಲಿಕುರ್ಚಿ ಅದರ ಮೇಲೆ ಹತ್ತದು, ಹತ್ತಿದರೆ ಹಿಂದಕ್ಕೆ ಉರುಳುವುದು. ಬಿಲ್ಲಿನಲ್ಲಿ ಎಷ್ಟು ಅಡಿ ಬರೆದಿದೆ? ಕೇಳಬಹುದು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಪ್ರಜೆಯು ಕಾಗದಗಳ ನಕಲನ್ನು ಪಡೆಯುವುದಲ್ಲದೆ ಕಾಮಗಾರಿಯನ್ನೇ ಪರೀಕ್ಷಿಸಬಹುದು, ವಸ್ತುಗಳ ಮಾದರಿಯನ್ನು ಪಡೆಯಬಹುದು. ಅಳತೆ ಪುಸ್ತಕದ ನಕಲು ಒಂದು ಕೈಯಲ್ಲಿ, ಅಳೆಯುವ ಟೇಪು ಇನ್ನೊಂದು ಕೈಯಲ್ಲಿ ಇದ್ದರೆ ವಾಗ್ವಾದದ ಅಗತ್ಯವೇ ಇಲ್ಲ. ಕೇಳುವುದಕ್ಕೆ ಕಾರಣ ಹೇಳಬೇಕಾಗಿಲ್ಲ. ಬರೆಯಲಾರದವನು ಬಾಯಿಮಾತಿನಲ್ಲಿ ಹೇಳಿದುದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗತಕ್ಕದ್ದು; ಕಣ್ಣು ಕಿವಿಗಳ ವೈಕಲ್ಯವುಳ್ಳವನಿಗೆ ದಾಖಲೆಯನ್ನು ತಿಳಿಯಲೂ ನೆರವು ಕೊಡತಕ್ಕದ್ದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ದವರೆಗೆ ದಂಡ ಬೀಳಬಹುದು.

ಹಾಗೆಂದು ತಡವಾದುದೆಲ್ಲ ದ್ವೇಷವೆಂದೂ, ಗುಮಾಸ್ತರೆಲ್ಲ ಲಂಚಕೋರರೆಂದೂ ಬರೆಯುವುದು ತರವಲ್ಲ. ಸೋಮಾರಿತನವೂ ಇದೆ, ಅಜ್ಞಾನವೂ ಇದೆ. 'ನನಗೆ ಅನ್ಯಾಯವಾಗಿದೆ' ಎಂಬ ಅರ್ಜಿಗೆ ಉತ್ತರ ಬಾರದು. ಇಂಥ ದಿನ ಹೋದೆ, ಇಂಥ ಪತ್ರ ಕೊಟ್ಟೆ, ಹೀಗೆ ಹೇಳಿದರು ಎಂಬ ಅರ್ಜಿಗೆ ಉತ್ತರ ಕೊಡದಿರುವುದು ಕಷ್ಟ. ಇಂಥ ದೂರನ್ನು ರಾಜ್ಯದ ಅಂಗವಿಕಲರ ಆಯುಕ್ತರಿಗೆ ಕಳುಹಬಹುದು. ಅವರ ಶಿಫಾರಸನ್ನು ಒಪ್ಪದ ಕಚೇರಿಯು ಮೂರು ತಿಂಗಳೊಳಗೆ ಕಾರಣ ತಿಳಿಸಬೇಕಾಗುತ್ತದೆ.

ಪಂಚಾಯತಿಯೊಳಗೆ ಕುಳಿತೇ ಕೇಳುವ ದಾರಿಯೂ ತೆರೆಯುತ್ತಿದೆ. ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ನಾಮಕರಣ ಮಾಡುವ ವಿಧೇಯಕಗಳನ್ನು ತಮಿಳುನಾಡಿನ ವಿಧಾನಸಭೆ ೨೦೨೫ರ ಏಪ್ರಿಲಿನಲ್ಲಿ ಅಂಗೀಕರಿಸಿತು. ಹೊಸೂರು, ತಾಳವಾಡಿಗಳ ಬಾಂಧವರು ಇದನ್ನು ಗಮನಿಸಬೇಕು.

ಭಾಷೆಯ ತೊಡಕೊಂದುಂಟು. ಸಂವಿಧಾನದ ೩೫೦ನೆಯ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲಿ ಕೊಡಲು ನಮಗೆ ಅಡ್ಡಿಯಿಲ್ಲ. ಮಾಹಿತಿ ಹಕ್ಕಿನ ಅರ್ಜಿಯು ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕೆಂದಿದೆ. ನಮ್ಮ ಶಾಲೆಗಳ ಮಕ್ಕಳು ಆ ಭಾಷೆಗಳನ್ನೂ ಕಲಿಯುತ್ತಾರಷ್ಟೆ. ನೆರೆಮನೆಯ ಕುರುಡಜ್ಜನಿಗೆ ಹತ್ತು ಸಾಲು ಬರೆದುಕೊಡುವುದು ಅವರಿಗೆ ದೊಡ್ಡ ಕೆಲಸವಲ್ಲ. ಅರ್ಜಿಯ ನಕಲನ್ನೂ ದಿನಾಂಕವಿರುವ ರಸೀದಿಯನ್ನೂ ಮನೆಯಲ್ಲಿ ಜೋಪಾನವಾಗಿಡಿರಿ. ಉತ್ತರಕ್ಕೆ ಕಾಯಿದೆ ಕೊಟ್ಟ ಮೂವತ್ತು ದಿನಗಳ ಲೆಕ್ಕ ಆ ದಿನಾಂಕದಿಂದಲೇ ತೊಡಗುತ್ತದೆ.