ತೆನೆಹಬ್ಬದ ಮರುದಿನವೂ ಕೃತಜ್ಞತೆ



ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನವನ್ನು ಕರಾವಳಿಯ ಕಥೊಲಿಕರಾದ ನಾವು ಮೊಂತಿ ಹಬ್ಬವಾಗಿ ಆಚರಿಸುತ್ತೇವೆ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತೇವೆ. ಇಂದು ನಮ್ಮಲ್ಲಿ ಅನೇಕರಿಗೆ ಗದ್ದೆಯಿಲ್ಲ. ಅಕ್ಕಿ ಅಂಗಡಿಯಿಂದ ಬರುತ್ತದೆ. ಆದರೂ ಆ ನಾಲ್ಕು ಕಾಳು ನಮಗೆ ಬೇಕು. ನಮ್ಮ ತಟ್ಟೆಯ ಅನ್ನ ಬರೀ ನಮ್ಮ ಸಂಪಾದನೆಯಲ್ಲ, ದೇವರ ವರ ಎಂದು ಅವು ನೆನಪಿಸುತ್ತವೆ.

ಹಾಗಾದರೆ ಹಬ್ಬದ ಮರುದಿನ ಏನು?

ಲೂಕನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದುತ್ತಾರೆ. ಕೃತಜ್ಞತೆ ಹೇಳಲು ಮರಳಿ ಬಂದವನು ಒಬ್ಬನೇ, ಅವನೂ ಸಮಾರಿಯದವನು. ಉಳಿದ ಒಂಬತ್ತು ಮಂದಿ ಅವಿಧೇಯರೇನಲ್ಲ. ಯಾಜಕರ ಬಳಿಗೆ ಹೋಗಲು ಯೇಸುಸ್ವಾಮಿಯೇ ಹೇಳಿದ್ದರು, ಅವರು ಹೋದರು. ಆಜ್ಞೆಯನ್ನು ಪಾಲಿಸಿದರು, ಆದರೆ ಕೊಟ್ಟವರನ್ನು ಮರೆತರು. ಈ ಅಪಾಯ ನಮಗೂ ಇದೆ. ಭಾನುವಾರದ ಬಲಿಪೂಜೆ, ಗಾಯನ ಮಂಡಳಿ, ಧರ್ಮೋಪದೇಶ, ವಾಳೆಯ ಸಭೆ ಯಾವುದನ್ನೂ ತಪ್ಪಿಸದೆ ನಡೆಸಿಯೂ ನಾವು ಆ ಒಂಬತ್ತು ಮಂದಿಯ ಸಾಲಿನಲ್ಲಿ ನಿಲ್ಲಬಹುದು. ಪರಮಪ್ರಸಾದಕ್ಕಿರುವ 'ಯೂಕರಿಸ್ಟ್' ಎಂಬ ಹೆಸರಿನ ಗ್ರೀಕ್ ಮೂಲದ ಅರ್ಥವೇ ಕೃತಜ್ಞತಾ ಸಮರ್ಪಣೆ ಎಂಬುದನ್ನು ಮರೆಯದಿರೋಣ.

ಆದರೆ ಮನೆಯಲ್ಲಿ ಸಾವು ಸಂಭವಿಸಿದಾಗ, ದೋಣಿ ಬರಿಗೈಯಲ್ಲಿ ದಡ ಸೇರಿದಾಗ, ವಿದೇಶದಲ್ಲಿದ್ದ ಮಗ ಕೆಲಸ ಕಳೆದುಕೊಂಡಾಗ ಯಾವ ಬಾಯಿಂದ ವಂದನೆ ಹೇಳುವುದು? ಈ ಪ್ರಶ್ನೆ ಕೇಳುವುದು ಪಾಪವಲ್ಲ. ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ (5:18) ಎಲ್ಲ ಸ್ಥಿತಿಯಲ್ಲೂ ದೇವರನ್ನು ವಂದಿಸಬೇಕೆಂದು ತಿಳಿಸುತ್ತಾರೆ. ಎಲ್ಲದಕ್ಕಾಗಿಯೂ ವಂದಿಸಿರಿ ಎಂದು ಅಲ್ಲಿ ಹೇಳಿಲ್ಲ. ಆ ಪತ್ರವನ್ನು ಓದಿದವರು ಹಿಂಸೆ ಅನುಭವಿಸುತ್ತಿದ್ದವರು. ರೋಗಕ್ಕಾಗಿ, ಮರಣಕ್ಕಾಗಿ ದೇವರಿಗೆ ವಂದನೆ ಹೇಳಬೇಕಾಗಿಲ್ಲ. ಆ ಕತ್ತಲಲ್ಲೂ ಅವರು ನಮ್ಮ ಕೈ ಬಿಟ್ಟಿಲ್ಲ ಎಂಬುದಕ್ಕೆ ಹೇಳಬೇಕು. ಆದ್ದರಿಂದ ದುಃಖದಲ್ಲಿರುವ ಮನೆಗೆ ಹೋದಾಗ "ದೇವರನ್ನು ಸ್ತುತಿಸಿ" ಎಂದು ಉಪದೇಶಿಸುವ ಅವಸರ ನಮಗೆ ಬೇಡ. ಅವರ ಜೊತೆ ಕುಳಿತುಕೊಳ್ಳೋಣ. ಅವರಿಗೆ ಪ್ರಾರ್ಥಿಸಲು ಆಗದಿದ್ದರೆ ಅವರ ಪರವಾಗಿ ನಾವು ಪ್ರಾರ್ಥಿಸೋಣ.

ಕೃತಜ್ಞತೆ ದಿನನಿತ್ಯದ ಅಭ್ಯಾಸವಾಗಲು ಏನು ಮಾಡಬೇಕು? ಲೊಯೋಲಾದ ಸಂತ ಇಗ್ನಾಸಿಯವರು ಕಲಿಸಿದ ಆತ್ಮಪರಿಶೀಲನೆಯಲ್ಲಿ ಐದು ಹಂತಗಳಿವೆ. ಪಾಪಗಳನ್ನು ಹುಡುಕುವುದು ಮೊದಲನೆಯದಲ್ಲ. ಪಡೆದ ಉಪಕಾರಗಳಿಗೆ ದೇವರನ್ನು ವಂದಿಸುವುದು ಮೊದಲನೆಯದು. ಪ್ರೀತಿಯನ್ನು ಕಂಡವನಿಗೆ ಮಾತ್ರ ತನ್ನ ತಪ್ಪು ಸರಿಯಾಗಿ ಕಾಣುತ್ತದೆ.

ರಾತ್ರಿಯ ಜಪಸರದ ನಂತರ ಮನೆಯ ಪ್ರತಿಯೊಬ್ಬರೂ ಆ ದಿನದ ಒಂದು ಉಪಕಾರವನ್ನು ಹೆಸರಿಸಲಿ. ಚಿಕ್ಕ ಮಗುವಿಗೂ ಅವಕಾಶವಿರಲಿ. ಮರುದಿನ ಅದಕ್ಕೆ ಕಾರಣರಾದವರಿಗೆ, ಅಡುಗೆ ಮಾಡಿದ ತಾಯಿಗೆ, ಇಗರ್ಜಿಯ ಗಂಟೆ ಬಾರಿಸುವವರಿಗೆ, ಅಂಗಳ ಗುಡಿಸುವವರಿಗೆ ಒಂದು ಮಾತು ಹೇಳೋಣ. ಕಣ್ಣೆದುರಿನ ಮನುಷ್ಯರನ್ನು ಮರೆತು ದೇವರಿಗೆ ಸಲ್ಲಿಸುವ ವಂದನೆ ಪೂರ್ಣವಾಗದು.

ಆ ಹತ್ತು ಮಂದಿಯಲ್ಲಿ ಮರಳಿ ಬಂದವನ ಹೃದಯವನ್ನು ದೇವರು ನಮಗೂ ದಯಪಾಲಿಸಲಿ.