ಕೊನೆಯವರು ಗೆರೆ ಮುಟ್ಟುವ ತನಕ

ದೂರದ ಓಟ ನೋಡುಗರಿಗೆ ಬೇಸರ ತರುತ್ತದೆ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಶಾಲಾ ಕಾಲೇಜು ಕ್ರೀಡಾಕೂಟಗಳಿಗೆ ಹಲವು ವರ್ಷಗಳಿಂದ ಪ್ರೇಕ್ಷಕನಾಗಿ ಹೋಗುತ್ತಿರುವ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ನೂರು ಮೀಟರ್ ಓಟಕ್ಕೆ ಗೆರೆಯ ಎರಡೂ ಬದಿ ಜನ ಮುಗಿಬೀಳುತ್ತಾರೆ. ಸುಣ್ಣದ ಗೆರೆ ಎಳೆದ 200 ಮೀಟರಿನ ಟ್ರ್ಯಾಕಿನಲ್ಲಿ 5,000 ಮೀಟರ್ ಓಟ ಆರಂಭವಾದರೆ, ಇಪ್ಪತ್ತೈದು ಸುತ್ತುಗಳಲ್ಲಿ ಐದನೆಯದು ಮುಗಿಯುವ ಮೊದಲೇ ಅರ್ಧ ಜನ ಕಬಡ್ಡಿ ಅಂಕಣದತ್ತ ನಡೆದಿರುತ್ತಾರೆ. ಹಾಗೆ ಹೋದವರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಹೇಳಬೇಕೆನಿಸಿದೆ.

ವೇಗದ ಓಟದಲ್ಲಿ ಯೋಚನೆಗೆ ಸಮಯವಿಲ್ಲ. ದೂರದ ಓಟ ನಡೆಯುವುದೇ ಯೋಚನೆಯ ಮೇಲೆ. ಮುಂದಿರುವವನು ಗಾಳಿಯನ್ನು ಸೀಳುತ್ತ ಎಲ್ಲರಿಗೂ ವೇಗ ನಿಗದಿ ಮಾಡಬೇಕು. ಹಿಂದಿರುವವನು ಅವನ ಮರೆಯಲ್ಲಿ ಶಕ್ತಿ ಉಳಿಸಿಕೊಳ್ಳುತ್ತಾನೆ. ಕೊನೆಯ ಸುತ್ತಿನಲ್ಲಿ ನುಗ್ಗುವ ಬಲ ಇಲ್ಲದವನು ಎದುರಾಳಿಗಳನ್ನು ಮೊದಲೇ ದಣಿಸಬೇಕು. ಆ ಬಲ ಇರುವವನು ಕಾಯಬೇಕು. ಯಾರ ಲೆಕ್ಕ ಸರಿ ಎಂಬುದು ಕೊನೆಯ ಸುತ್ತಿನ ಗಂಟೆ ಬಾರಿಸುವ ತನಕ ಗೊತ್ತಾಗದು. ಗುಂಪಿನಿಂದ ಒಬ್ಬೊಬ್ಬರಾಗಿ ಕಳಚಿಕೊಳ್ಳುವುದನ್ನು ಸುತ್ತು ಸುತ್ತಿಗೂ ಗಮನಿಸುತ್ತ ನಿಂತವರಿಗೆ ಆ ಗಂಟೆಯ ಸದ್ದು ಎದೆಯಲ್ಲೇ ಕೇಳಿಸುತ್ತದೆ.

1964ರ ಟೋಕಿಯೊ ಒಲಿಂಪಿಕ್ಸ್‌ನ 10,000 ಮೀಟರ್ ಓಟವನ್ನೇ ನೋಡಿ. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಸಮೀಪಕ್ಕೆ ಹೋದಷ್ಟು ದೂರ ಅದು. ವಿಶ್ವದಾಖಲೆ ಹೊಂದಿದ್ದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಮತ್ತೆ ಮತ್ತೆ ವೇಗ ಹೆಚ್ಚಿಸಿ ಬಹುತೇಕ ಎಲ್ಲರನ್ನೂ ಹಿಂದಿಕ್ಕಿದರು. ಟ್ಯುನೀಷಿಯದ ಮೊಹಮದ್ ಗಮ್ಮೂದಿ ಹಾಗೂ ಅಮೆರಿಕದ ಮೂಲನಿವಾಸಿ ಲಕೋಟಾ ಸಮುದಾಯದ ಬಿಲ್ಲಿ ಮಿಲ್ಸ್ ಮಾತ್ರ ಬೆನ್ನು ಬಿಡಲಿಲ್ಲ. ಕೊನೆಯ ಸುತ್ತಿನಲ್ಲಿ ಹಿಂದುಳಿದ ಓಟಗಾರರು ದಾರಿಗೆ ಅಡ್ಡವಾದಾಗ ಕ್ಲಾರ್ಕ್, ಮಿಲ್ಸ್ ಅವರನ್ನು ಹೊರಕ್ಕೆ ತಳ್ಳಿದರು. ಇಬ್ಬರ ನಡುವೆ ನುಸುಳಿ ಗಮ್ಮೂದಿ ಮುನ್ನಡೆದರು. ಇನ್ನು ಮುಗಿಯಿತು ಎನ್ನುವಷ್ಟರಲ್ಲಿ, ಕೊನೆಯ ನೇರ ಹಾದಿಯಲ್ಲಿ ಮಿಲ್ಸ್ ಇಬ್ಬರನ್ನೂ ದಾಟಿದರು. ಸಮಯ 28 ನಿಮಿಷ 24.4 ಸೆಕೆಂಡು. ತಮ್ಮ ಹಿಂದಿನ ಅತ್ಯುತ್ತಮ ಓಟವನ್ನು ಅವರು ಮುಕ್ಕಾಲು ನಿಮಿಷಕ್ಕೂ ಹೆಚ್ಚು ಅಂತರದಿಂದ ಸುಧಾರಿಸಿದ್ದರು.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಹೈಲೆ ಗೆಬ್ರೆಸೆಲಾಸಿ, ಕೆನ್ಯದ ಪಾಲ್ ಟೆರ್ಗಟ್ ಅವರನ್ನು ಇದೇ ಓಟದಲ್ಲಿ ಸೋಲಿಸಿದ್ದು 0.09 ಸೆಕೆಂಡಿನಿಂದ. ಅದೇ ಕೂಟದ ಪುರುಷರ 100 ಮೀಟರ್ ಓಟದಲ್ಲಿ ಮೊದಲಿಬ್ಬರ ಅಂತರ 0.12 ಸೆಕೆಂಡು!

ಉಗಾಂಡದ ಜೋಶುವಾ ಚೆಪ್ಟೆಗೈ 2020ರಲ್ಲಿ 26 ನಿಮಿಷ 11 ಸೆಕೆಂಡಿನ ವಿಶ್ವದಾಖಲೆ ಬರೆದಾಗ ಟ್ರ್ಯಾಕಿನ ಅಂಚಿನಲ್ಲಿ ವೇಗ ಸೂಚಿಸುವ ದೀಪಗಳು ಓಡುತ್ತಿದ್ದವು. ಸಾಧನೆ ಬೆರಗಿನದೇ. ಆದರೆ ದೀಪಕ್ಕೆ ಹಟವಿಲ್ಲ, ಅನುಮಾನವಿಲ್ಲ, ಕೊನೆಗಳಿಗೆಯಲ್ಲಿ ತಿರುಗಿಬೀಳುವ ಗುಣವಿಲ್ಲ. ನನ್ನ ಮಟ್ಟಿಗೆ ರೋಮಾಂಚನ ಇರುವುದು ಮನುಷ್ಯ ಮನುಷ್ಯನ ಪೈಪೋಟಿಯಲ್ಲಿ.

ಟೋಕಿಯೊದ ಅದೇ ಓಟದಲ್ಲಿ ಇನ್ನೊಂದು ಕಥೆಯೂ ಇತ್ತು. ಅಂದಿನ ಸಿಲೋನಿನ ರಣತುಂಗ ಕರುಣಾನಂದ ಎಲ್ಲರೂ ಮುಗಿಸಿದ ಮೇಲೂ ಒಬ್ಬರೇ ಓಡುತ್ತಿದ್ದರು. ಮೊದಲು ನಕ್ಕ ಪ್ರೇಕ್ಷಕರು, ಅವರು ನಿಲ್ಲುವುದಿಲ್ಲವೆಂದು ಅರಿತಾಗ ಚಪ್ಪಾಳೆಯಿಂದ ಹುರಿದುಂಬಿಸಿದರು. ಮಿಲ್ಸ್‌ಗಿಂತ ಸುಮಾರು ಆರು ನಿಮಿಷ ತಡವಾಗಿ, 29ನೆಯವರಾಗಿ ಅವರು ಗೆರೆ ಮುಟ್ಟಿದರು. ಅವರ ಕಥೆ ಮುಂದೆ ಜಪಾನಿನ ಶಾಲಾ ಪಠ್ಯವನ್ನು ಸೇರಿತು.

ನಮ್ಮಲ್ಲಿ ಮೊದಲ ಮೂವರು ಮುಗಿಸಿದೊಡನೆ ಸೀಟಿ ಊದಿ ಉಳಿದವರನ್ನು ಹೊರಗೆ ಕರೆಯುವುದುಂಟು. ಮುಂದಿನ ಸ್ಪರ್ಧೆಗೆ ತಡವಾಗುತ್ತದೆ ಎಂಬುದು ಕಾರಣ. ಎರಡು ಸುತ್ತು ಬಾಕಿಯಿದ್ದಾಗ ಹೀಗೆ ತಡೆಯಲ್ಪಟ್ಟ ಬರಿಗಾಲಿನ ಬಾಲಕಿಯೊಬ್ಬಳು 'ಮುಗಿಸ್ಬುಡ್ತೀನಿ ಸಾ' ಎಂದು ಬೇಡಿದ್ದನ್ನು ನಾನು ಕೇಳಿದ್ದೇನೆ. ಅವಳಿಗೆ ಬೇಕಿದ್ದುದು ಎರಡು ಮೂರು ನಿಮಿಷ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹರಿಚಂದ್ ಸ್ಥಾಪಿಸಿದ 10,000 ಮೀಟರಿನ ರಾಷ್ಟ್ರೀಯ ದಾಖಲೆ ಮುರಿಯಲು 2008ರ ತನಕ ಕಾಯಬೇಕಾಯಿತು. ಉತ್ತರ ಪ್ರದೇಶದ ಗುಲ್ವೀರ್ ಸಿಂಗ್ 2025ರಲ್ಲಿ ಅದೇ ದೂರವನ್ನು 27 ನಿಮಿಷ 0.22 ಸೆಕೆಂಡಿನಲ್ಲಿ ಕ್ರಮಿಸಿದರು. ಅಂಥವರು ನಮ್ಮ ಹಳ್ಳಿಗಳಿಂದಲೂ ಬರಬೇಕಾದರೆ ಮೊದಲು ಅವರ ಓಟವನ್ನು ನೋಡುವವರಿರಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬಿಸಿಲೇರುವ ಮೊದಲೇ ದೂರದ ಓಟ ನಡೆಯಲಿ. ಉಳಿದ ಸುತ್ತುಗಳ ಸಂಖ್ಯೆಯನ್ನು ಹಲಗೆಯ ಮೇಲೆ ತೋರಿಸಲಿ. ಧ್ವನಿವರ್ಧಕದಲ್ಲಿ ಯಾರು ಮುಂದೆ, ಯಾರು ಎಷ್ಟು ಹಿಂದೆ ಎಂದು ಹೇಳುತ್ತಿರಲಿ. ಕೊನೆಯ ಸುತ್ತಿಗೆ ಶಾಲೆಯ ಗಂಟೆಯನ್ನೇ ಬಾರಿಸಲಿ. ಸೀಟಿ ಮಾತ್ರ, ಕೊನೆಯ ಮಗು ಗೆರೆ ಮುಟ್ಟುವ ತನಕ ಜೇಬಿನಲ್ಲಿರಲಿ.